ಜಾಲರಿಯ ಮೇಲೆ ಚೆಂಡುಹೂವು

ಶೆಟ್ಟಿಹಳ್ಳಿಯ ನಮ್ಮ ಪಕ್ಕದ ಮನೆಯ ಯಜಮಾನರಿಗೆ ಬಾರದ ವಿದ್ಯೆಯೇ ಇರಲಿಲ್ಲ. ಅಂಥ ಪಂಡಿತರು ಬೀದಿಗೊಬ್ಬರೇ ಸಾಕು. ಯಾವ ಕೆಲಸ ಕಂಡರೂ ಮೀಸೆ ಒರೆಸಿಕೊಂಡು, “ಇದೇನ್ ಮಹಾ ಬಿಡ್ರೀ” ಅನ್ನುತ್ತಿದ್ದರು. ಗಾಳಿ ಜೋರಾಗಿ ಬರಲೆಂದು ಕಾರಿನ ಎಸಿ ಫಿಲ್ಟರನ್ನು ಕಿತ್ತೆಸೆದವರು ಅವರೇ. ಪ್ರತಿ ಶುಕ್ರವಾರ ಕಾರಿಗೆ ಪೂಜೆ ಮಾಡಿ, ಮುಂದಿನ ಗಾಜಿನ ಬುಡದಲ್ಲಿ ಗಾಳಿ ಒಳಹೋಗುವ ಜಾಲರಿಯ ಮೇಲೆ ಚೆಂಡುಹೂವು ಸುರಿಯುತ್ತಿದ್ದವರೂ ಅವರೇ.

ಒಂದು ಬೇಸಿಗೆಯಲ್ಲಿ, ಎಸಿ ಹಾಕಿದಾಗಲೆಲ್ಲ ಪಕ್ಕದ ಸೀಟಿನಲ್ಲಿ ಕೂರುವ ಅವರ ಹೆಂಡತಿಯ ಕಾಲಡಿ ನೀರು ನಿಲ್ಲತೊಡಗಿತು.

“ಫಿಲ್ಟರ್ ಇಲ್ದೆ ಜಾಲರಿಯಿಂದ ಹೂವು ಒಳಗ್ ಹೋಗಿ ನೀರಿನ ಪೈಪ್ ಕಟ್ಕೊಂಡಿದೆ ಕಣ್ರೀ” ಎಂದರು ಆಕೆ.

“ಹೂವಂತೆ! ನಿಂಗೇನೇ ಗೊತ್ತು?” ಎಂದು ಗದರಿ, ಯಜಮಾನರು ಗೋಣಿಚೀಲ ಹಾಸಿಕೊಂಡು ಕಾರಿನಡಿ ಅಂಗಾತ ಮಲಗಿದರು. ನೀರು ಹೊರಹೋಗುವ ರಬ್ಬರ್ ಪೈಪಿಗೆ ತಂತಿ ತೂರಿಸಿ, ಬಾಯಿ ತೆರೆದು ಮೇಲೆ ನೋಡುತ್ತಿದ್ದಂತೆ, ಕೊಳೆತ ಎಸಳುಗಳ ಸಮೇತ ಅಷ್ಟೂ ನೀರು ಮುಖದ ಮೇಲೆ ಸುರಿಯಿತು.

ಹೊರಬಂದು ಉಗುಳಿದರು. ಮೀಸೆಗೆ ಅಂಟಿದ್ದ ಎಸಳನ್ನು ಒರೆಸಿಕೊಂಡು, “ಇದೇನ್ ಮಹಾ ಬಿಡ್ರೀ” ಎಂದರು, ಪಕ್ಕದಲ್ಲಿ ನಿಂತು ನೋಡುತ್ತಿದ್ದ ನನಗೆ.

ಮುಂದಿನ ಶುಕ್ರವಾರ ಜಾಲರಿಯ ಮೇಲೆ ಮತ್ತೆ ಚೆಂಡುಹೂವು. ಆಕೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.