ನಮ್ಮ ಮನೆಯ ಮಾಲು ಬಣ್ಣ ಬಿಟ್ಟಿತಂತೆ

ಗೆಳತಿಯರೇ, ಸೀರೆ ನೇಯುವ ಮನೆಯವಳ ಮುಂದೆ ಆಡಬಾರದ ಮಾತನ್ನು ಇವತ್ತು ಜಮಖಂಡಿಯ ಕಣ್ಣಿನ ಡಾಕ್ಟರು ಆಡಿದರು.

"ನಿಮ್ಮ ಮಗನ ಕಣ್ಣು ಬಣ್ಣ ಬಿಡಾಕತ್ತೈತ್ರಿ."

"ನಮ್ಮ ಮನಿ ಮಾಲು ಎಂದೂ ಬಣ್ಣ ಬಿಟ್ಟಿಲ್ರಿ" ಎಂದೆ.

"ಸೀರಿ ಮಾತಲ್ರಿ ಅಮ್ಮಾರ. ಕಣ್ಣಾಗಿನ ಬಣ್ಣ ಪುಡಿಯಾಗಿ ಉದುರಿ, ನೀರು ಹೋಗೋ ದಾರಿ ಕಟ್ಟೈತಿ. ಒಳಗ ಒತ್ತಡ ಏರೈತಿ. ಹಂಗ ಬಿಟ್ರ ದೃಷ್ಟಿ ಹೋಗತೈತಿ. ಲಗೂನ ಗೊತ್ತಾತು, ದಿನಾ ಹನಿ ಹಾಕಿದ್ರ ಉಳಿಸಬಹುದು."

"ನನಗ ಛಲೋ ಕಾಣತೈತಿ, ಹನಿ ಯಾಕ?" ಎಂದ ಮಗ.

"ಸೀರಿ ಬಣ್ಣ ಬಿಟ್ರ ಬದಲಿ ಕೊಡತೀವಿ. ಕಣ್ಣಿಗೆ ಬದಲಿ ಎಲ್ಲಿಂದ ತರ್ಲಿ? ಸುಮ್ನ ತಲಿ ಎತ್ತಲೇ" ಎಂದೆ. ಎತ್ತಿದ.

ಮೊದಲ ಹನಿ ನಾನೇ ಹಾಕಿ, ಕೆನ್ನೆಗಿಳಿದ ನೀರನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಡಾಕ್ಟರ ಮೇಲೆ ನಂಬಿಕೆಯಿದೆ. ಆದರೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಣ್ಣ ಹತ್ತಿರಲಿಲ್ಲ. ಎಷ್ಟಾದರೂ ನಮ್ಮ ಮನೆಯ ಮಾಲು.