ಮೂರನೇ ಸಾಲಿನ ಕುದುರೆ ಆಳು

ಯಿಂಗ್ ಬಿಂಗ್‌ಸೊಂಗ್ ಮೇಷ್ಟ್ರ ಜೊತೆ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಹೆಂಗ್‌ದಿಯನ್ ಚಿತ್ರನಗರಿಯಲ್ಲಿ ಅವರು ಮರದ ಸಾಮಾನು ಮಾಡುತ್ತಾರೆ. ಆ ಸಾಮಾನು ಇರಬೇಕಾದ ಕಡೆ ಇದೆಯೇ ಅಂತ ನೋಡುವುದು ನನ್ನ ಕೆಲಸ. ನಿನ್ನೆಯ ದೃಶ್ಯದಲ್ಲಿ ಮೇಜಿನ ಎಡಕ್ಕಿದ್ದ ದೀಪ ಇವತ್ತೂ ಎಡಕ್ಕೇ ಇರಬೇಕು, ಇಲ್ಲದಿದ್ದರೆ ಬೈಗುಳ ನನಗೆ. ಸಿಂಹಾಸನ, ಮಂತ್ರಿಯ ಮೇಜು, ಕೈದಿಯ ಕೊರಳಿಗೆ ಹಾಕುವ ಹಲಗೆ, ಎಲ್ಲವೂ ಮೇಷ್ಟ್ರ ಉಳಿಯಿಂದಲೇ ಬರಬೇಕು. ಅರವತ್ತಾರು ವರ್ಷ, ಕುಳ್ಳು ಆಳು, ಬಾಯಿ ಜೋರು. ಅರ್ಧ ಊರಿಗೆ ಬೈದಿದ್ದಾರೆ, ಉಳಿದರ್ಧಕ್ಕೆ ಬೈಯಲು ಪುರುಸೊತ್ತು ಸಿಕ್ಕಿಲ್ಲ.

ಆ ವರ್ಷ ಬಂದದ್ದು ಸೇಡಿನ ಕಥೆ, ಐವತ್ತು ಕಂತಿನ ಧಾರಾವಾಹಿ. ಮಂತ್ರಿಯೊಬ್ಬ ಬರೆದ ಸುಳ್ಳು ದೂರಿನಿಂದ ಸೇನಾಪತಿಯ ಮನೆಯ ಎಪ್ಪತ್ತೆರಡು ಜನರ ತಲೆ ಹೋಗುತ್ತದೆ. ತಪ್ಪಿಸಿಕೊಂಡ ಮಗ ದೊಡ್ಡವನಾಗಿ ಬೇರೆ ಹೆಸರಿನಲ್ಲಿ ಅದೇ ಮಂತ್ರಿಯ ಮನೆಗೆ ಗುಮಾಸ್ತನಾಗಿ ಸೇರುತ್ತಾನೆ. ಅವನ ಗುಟ್ಟಿನ ಕೋಣೆಯಲ್ಲಿ ಸತ್ತವರ ಹೆಸರು ಕೆತ್ತಿ ಧೂಪ ಹಚ್ಚಿ ಪೂಜಿಸುವ ಹಲಗೆಗಳನ್ನು ಸಾಲಾಗಿ ಇಡಬೇಕು. ಯಜಮಾನನಿಂದ ಹಿಡಿದು ಅಡುಗೆಯವಳವರೆಗೆ ಒಬ್ಬೊಬ್ಬರಿಗೂ ಒಂದೊಂದು.

ಕಥೆ ಬರೆದವರು ಹತ್ತೊಂಬತ್ತು ಹೆಸರು ಕೊಟ್ಟು ಕೈತೊಳೆದುಕೊಂಡರು. ಉಳಿದದ್ದು ಮೇಷ್ಟ್ರ ತಲೆಗೆ ಬಂತು. ಇದರಲ್ಲಿ ನಮ್ಮದೊಂದು ಕಟ್ಟುನಿಟ್ಟು ಇದೆ. ಬದುಕಿರುವವರ ಹೆಸರು ಸತ್ತವರ ಹಲಗೆಯ ಮೇಲೆ ಬರಕೂಡದು. ಅದಕ್ಕೇ ಪಟ್ಟಿಯನ್ನು ಊಟದ ಚಪ್ಪರದಲ್ಲಿ ಅಂಟಿಸುತ್ತೇವೆ. ಡ್ರೈವರುಗಳು, ಲೈಟಿನವರು, ಹೆಣ ಬೀಳುವ ಪಾತ್ರದವರು, ಎಲ್ಲರೂ ತಮ್ಮ ಹೆಸರು, ಅಪ್ಪ ಅಮ್ಮನ ಹೆಸರು ಅದರಲ್ಲಿ ಇದೆಯೇ ಅಂತ ಬೆರಳಿಟ್ಟು ಹುಡುಕುತ್ತಾರೆ. ಆ ಸಲ ಯಾರೂ ತಕರಾರು ಎತ್ತಲಿಲ್ಲ. ಮೂರನೇ ಸಾಲಿನ ಕೊನೆಯಲ್ಲಿ ‘ಕುದುರೆ ಲಾಯದ ಆಳು ಜಿನ್ ಶುಗೆನ್’ ಅಂತ ಇತ್ತು. ನಾನೂ ಓದಿ ಮುಂದೆ ಹೋದೆ.

ಕೋಣೆಯ ಮೊದಲ ದೃಶ್ಯ ಮುಗಿದ ಮಾರನೇ ದಿನ ನಾವಿಬ್ಬರೂ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆವು. ಮಾತಿಗೆ ಮಾತು ಬಂದು, ದೊಂಗ್‌ಯಾಂಗ್ ಪೇಟೆಯಲ್ಲಿ ನಮ್ಮ ಚಿಕ್ಕಮ್ಮನ ಪಕ್ಕದ ಮನೆಯ ಮುದುಕರಿಗೆ ಹೊಟ್ಟೆಯಲ್ಲಿ ಗೆಡ್ಡೆಯಂತೆ, ಮೊನ್ನೆ ಕೊಯ್ದರಂತೆ, ಡಾಕ್ಟರು ಏನೂ ಹೇಳುವ ಹಾಗಿಲ್ಲ ಅಂದರಂತೆ ಅಂದೆ. ಯಾವ ಮುದುಕ ಅಂತ ಕೇಳಿದರು. ಹಿಂದೆ ಕೆತ್ತನೆ ಕಾರ್ಖಾನೆಯಲ್ಲಿ ಮುಖ್ಯಸ್ಥರಾಗಿದ್ದ ಜಿನ್ ಅಂದೆ. ಮೇಷ್ಟ್ರು ಚಾಪ್‌ಸ್ಟಿಕ್ ಕೆಳಗಿಟ್ಟರು. ಬಾಯಲ್ಲಿದ್ದ ಅನ್ನವನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಆಮೇಲೆ ಒಂದೊಂದಾಗಿ ಹೊರಬಂತು. ಜಿನ್ ಶುಗೆನ್ ಮತ್ತು ಇವರು ಒಬ್ಬನೇ ಗುರುವಿನ ಶಿಷ್ಯರು. ಆರು ವರ್ಷ ಒಂದೇ ಮಂಚದಲ್ಲಿ ಮಲಗಿದವರು, ಜಿನ್ ಮೂರು ವರ್ಷ ಹಿರಿಯ. ಗುರುಗಳು ಒಂದು ದೊಡ್ಡ ಮರದ ಅಡ್ಡತೆರೆಯ ಕೆತ್ತನೆಯನ್ನು ಯಿಂಗ್‌ಗೆ ಕೊಡಬೇಕು ಅಂದುಕೊಂಡಿದ್ದ ವಾರ ಕಾರ್ಖಾನೆಗೆ ಹೆಸರಿಲ್ಲದ ಕಾಗದ ಬಂತು, ಯಿಂಗ್ ಕರ್ಪೂರದ ಮರ ಕದ್ದು ಮನೆಗೆ ಸಾಗಿಸುತ್ತಾನೆ ಅಂತ. ಇವರ ಹೆಸರು ಹಾಜರಿ ಪಟ್ಟಿಯಿಂದ ಹೋಯಿತು. ತೆರೆ ಜಿನ್ ಪಾಲಾಯಿತು. ಆವತ್ತಿನಿಂದ ಮೂವತ್ತೈದು ವರ್ಷ ಇವರು ಆ ಮನುಷ್ಯನಿಗೆ ಮುಖ ಕೊಟ್ಟು ಮಾತಾಡಿಲ್ಲ.

“ಐವತ್ತೆರಡು ಹೆಸರು ಬರೆದಿದ್ದೆ ಕಣೆ ಯಾಚಿನ್. ತಲೇಲಿ ಇನ್ನೊಂದು ಹೆಸರೂ ಉಳಿದಿರಲಿಲ್ಲ. ಇವನೊಬ್ಬ ಉಳಿದಿದ್ದ. ಕುದುರೆ ಲದ್ದಿ ಬಾಚಲಿ ಅಂತ ಬರೆದುಬಿಟ್ಟೆ. ಆಗ ಎಷ್ಟು ಖುಷಿಯಾಯ್ತು ಗೊತ್ತಾ.”

ನನಗೆ ಸಿಟ್ಟು ಬಂತು. ಇಷ್ಟು ವಯಸ್ಸಾಗಿದೆ, ಸಣ್ಣ ಮಕ್ಕಳ ಬುದ್ಧಿ ಅಂತ ಬೈದೆ. ಎಂದೂ ಇಲ್ಲದೆ ಬೈಸಿಕೊಂಡರು. ಆ ಹೆಸರನ್ನು ಕೀಸಿ ಹಾಕುತ್ತೇನೆ ಅಂದರು. ಆಗುವುದಿಲ್ಲ, ಹಲಗೆ ಆಗಲೇ ಕ್ಯಾಮೆರಾದಲ್ಲಿ ಬಂದಿದೆ ಅಂದೆ. ಸುಟ್ಟುಬಿಡಿ ಅಂತಲೂ ನಾನೇ ಅಂದೆ. ಅವರ ಮುಖ ಬಿಳುಚಿತು. ಸುಡುವುದೆಂದರೆ ಅದನ್ನು ಸತ್ತವರ ಲೋಕಕ್ಕೆ ತಲುಪಿಸಿದ ಹಾಗೆ. ಉಳಿದದ್ದು ಒಂದೇ ದಾರಿ. ಗೋರಿಕಲ್ಲಿನ ಮೇಲೆ ಗಂಡನ ಪಕ್ಕ ಬದುಕಿರುವ ಹೆಂಡತಿಯ ಹೆಸರಿದ್ದರೆ ಅದಕ್ಕೆ ಕೆಂಪು ಹಚ್ಚಿ, ಅವಳು ಹೋದ ಮೇಲೆ ಆ ಕೆಂಪು ತೆಗೆಯುತ್ತೇವಲ್ಲ, ಹಾಗೆ ಈ ಹೆಸರಿಗೂ ಕೆಂಪು ಕಾಗದ ಅಂಟಿಸಬೇಕು.

ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ನಾನು ಗೊತ್ತಿದ್ದೂ ತಪ್ಪು ಮಾಡಿದೆ. ಮಾರನೇ ಬೆಳಿಗ್ಗೆ ಯಾರೂ ಬರುವ ಮೊದಲೇ ಸೆಟ್ಟಿನ ಬಾಗಿಲು ತೆಗೆದುಕೊಟ್ಟೆ, ಅವರು ಅಂಟಿಸಿದರು. ಎಪ್ಪತ್ತೆರಡು ಕಪ್ಪು ಹಲಗೆಗಳ ನಡುವೆ ಅದೊಂದೇ ಕೆಂಪಗೆ ಕಣ್ಣಿಗೆ ಹೊಡೆಯುತ್ತಿತ್ತು. ನಿರ್ದೇಶಕರು ಒಳಗೆ ಬಂದವರೇ ಅದನ್ನು ನೋಡಿ, ಯಾರ ಕೆಲಸ ಇದು ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಬಾಯಿಂದ ಬಂದದ್ದು ಇಷ್ಟೇ: “ಅವನೊಬ್ಬ ಇನ್ನೂ ಸತ್ತಿಲ್ಲ, ಸಾರ್.”

ಕೆಲಸ ಹೋಯಿತು ಅಂದುಕೊಂಡೆ. ಅವರು ಹಲಗೆಯನ್ನೇ ನೋಡುತ್ತಾ ನಿಂತರು, ಆಮೇಲೆ ಬರೆಯುವವರನ್ನು ಕರೆಸಿದರು. ಕಥೆಯ ಕೊನೆಯಲ್ಲಿ ಚಕ್ರವರ್ತಿಯ ಮುಂದೆ ಮಂತ್ರಿಯ ಮೋಸ ಹೇಳಲು ಒಬ್ಬ ಸಾಕ್ಷಿ ಬೇಕಾಗಿತ್ತು. ಎರಡು ವಾರದಿಂದ ಬರೆಯುವವರು ತಲೆ ಕೆರೆದುಕೊಳ್ಳುತ್ತಿದ್ದರು. ಕುದುರೆ ಆಳು ಬದುಕಿದ್ದಾನೆ ಅಂತ ನಾಯಕನಿಗೆ ಸುದ್ದಿ ಬರುತ್ತದೆ, ನಾಯಕನೇ ಕೆಂಪು ಕಾಗದ ಅಂಟಿಸುತ್ತಾನೆ ಅಂತ ಅಲ್ಲೇ ತೀರ್ಮಾನವಾಯಿತು. ನನ್ನನ್ನು ಯಾರೂ ಹೊಗಳಲಿಲ್ಲ, ಬೈಯಲೂ ಇಲ್ಲ. ನಮ್ಮಲ್ಲಿ ಅದೇ ದೊಡ್ಡ ಬಹುಮಾನ.

ಮೇಷ್ಟ್ರಿಗೆ ಅದ್ಯಾವುದೂ ಬೇಕಾಗಿರಲಿಲ್ಲ. ಕಾಗದ ಅಂಟಿಸಿದರೆ ಸಾಲದು, ಜಿನ್ ಬಾಯಿಂದಲೇ ‘ಆಯ್ತು ಬಿಡು’ ಅಂತ ಬರಬೇಕು, ಅವನು ಹೋಗುವ ಮೊದಲೇ ಬರಬೇಕು ಅಂತ ಒಂದೇ ಜಪ. ಮಧ್ಯಾಹ್ನ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದರು. ಆಸ್ಪತ್ರೆಯ ಮೆಟ್ಟಿಲಲ್ಲಿ ಎರಡು ಸಲ ವಾಪಸ್ಸು ತಿರುಗಿದರು. ಎರಡು ಸಲವೂ ನಾನು ತೋಳು ಹಿಡಿದುಕೊಂಡೆ.

ಜಿನ್ ಒಣಗಿದ ಮೂಲಂಗಿಯ ಹಾಗೆ ಮಲಗಿದ್ದರು. ಇವರನ್ನು ನೋಡಿ ಗುರುತು ಹಿಡಿದರು. ಮೇಷ್ಟ್ರು ಕೂರಲೂ ಇಲ್ಲ, ನಿಂತಲ್ಲೇ ಎಲ್ಲ ಹೇಳಿದರು. ಮುದುಕರು ಕೇಳಿದರು:

“ಏನು ಕೆಲಸ ಕೊಟ್ಟೆ ನಂಗೆ?”

“ಕುದುರೆ ಲಾಯ, ಅಣ್ಣ.”

ಜಿನ್ ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ನಕ್ಕರು. ನೋವಾಗಿ ಕಣ್ಣಲ್ಲಿ ನೀರು ಬಂತು, ಆದರೂ ನಕ್ಕರು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದರು:

“ಆ ಕಾಗದ ನಾನೇ ಬರೆದದ್ದು ಕಣೋ. ನಿನ್ನ ಕೈ ನನ್ನ ಕೈಗಿಂತ ಚೆನ್ನಾಗಿತ್ತು, ನೋಡಕ್ಕಾಗ್ತಿರಲಿಲ್ಲ. ನಿನ್ನ ಹೆಸರು ನಾನು ಅಳಿಸಿದೆ, ನನ್ನ ಹೆಸರು ನೀನು ಬರೆದೆ. ಆಯ್ತು ಬಿಡು.”

ಮೇಷ್ಟ್ರು ಆಗ ಕೂತರು. ಗೊತ್ತಿತ್ತು ಅಂತಷ್ಟೇ ಅಂದರು. ಮೂವತ್ತೈದು ವರ್ಷ ಬೈದ ಬಾಯಿಗೆ ಅವತ್ತು ಒಂದು ಬೈಗುಳವೂ ಸಿಗಲಿಲ್ಲ. ಗಂಜಿಯ ಬಟ್ಟಲು ತೆಗೆದುಕೊಂಡು ಊದಿ ಊದಿ ಕುಡಿಸಿದರು. ಹೊರಡುವಾಗ ಜಿನ್ ಮೇಷ್ಟ್ರ ತೋಳು ಹಿಡಿದು, ನನಗೆ ನಿಜವಾದ ಹಲಗೆ ಬೇಕಾದಾಗ ಬೇರೆಯವನ ಕೈಲಿ ಕೆತ್ತಿಸಬೇಡ, ಕರ್ಪೂರದ ಮರವೇ ಆಗಬೇಕು ಅಂದರು.

ಒಂದು ಚಳಿಗಾಲ ದಾಟಿಸಿದರು ಜಿನ್. ಅಷ್ಟು ದಿನವೂ ಭಾನುವಾರ ತಪ್ಪದೆ ಮೇಷ್ಟ್ರು ಹೋಗುತ್ತಿದ್ದರು, ಇಬ್ಬರೂ ಜಗಳವಾಡುತ್ತಿದ್ದರಂತೆ. ಮುದುಕರು ತೀರಿಕೊಂಡಾಗ ಇವರು ಮೂರು ದಿನ ರಜೆ ಹಾಕಿ ಹಲಗೆ ಕೆತ್ತಿದರು. ಅಷ್ಟು ಒಳ್ಳೆಯ ಕೆಲಸವನ್ನು ಅವರು ಯಾವ ಚಕ್ರವರ್ತಿಗೂ ಮಾಡಿಕೊಟ್ಟದ್ದನ್ನು ನಾನು ಕಂಡಿಲ್ಲ.

ಧಾರಾವಾಹಿ ಟಿವಿಯಲ್ಲಿ ಬಂದದ್ದು ಅದಾದ ಮೇಲೆ. ಮೂವತ್ತೊಂದನೇ ಕಂತನ್ನು ನಾವು ಕೆಲಸದ ಕೊಟ್ಟಿಗೆಯಲ್ಲಿ ಕೂತು ನೋಡಿದೆವು. ಹಲಗೆಗಳ ಮೇಲೆ ಕ್ಯಾಮೆರಾ ನಿಧಾನ ಸಾಗಿ ಮೂರನೇ ಸಾಲಿನ ಕೊನೆಗೆ ಬಂತು. ಕೆಂಪು ಕಾಗದ ಹಾಗೇ ಇತ್ತು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು.

“ನೋಡು, ಇಲ್ಲಿ ಇನ್ನೂ ಇದಾನೆ ಮುದುಕ,” ಅಂದರು. “ಕಾಗದ ಕೀಳೋರು ಯಾರೂ ಇಲ್ಲ ಇಲ್ಲಿ.”