ಎರಡನೆಯ ವಚನ ಅವರದು

ನನ್ನ ಗಂಡ ಉಪ್ಪಿನಂಗಡಿ–ಕಡಬ ದಾರಿಯ ಖಾಸಗಿ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್ ಆಗಿದ್ದರು. ಅವರು ಫುಟ್‌ಬೋರ್ಡಿನಲ್ಲಿ ನಿಂತು "ರೈಟ್, ಪೋಯಿ" ಎಂದು ಬಸ್ಸು ಹೊರಡಿಸಿದರೆ ಪೇಟೆಯ ಆ ತುದಿಗೆ ಕೇಳುತ್ತಿತ್ತು. ಮನೆಯಲ್ಲೂ ಅದೇ ಗಂಟಲು. ಮೆಲ್ಲಗೆ ಮಾತಾಡಿ, ಇದು ಬಸ್‌ಸ್ಟ್ಯಾಂಡ್ ಅಲ್ಲ ಎಂದು ಎಷ್ಟು ಸಲ ರೇಗಿದ್ದೇನೋ. ಹೋದ ವರ್ಷ ಪಾರ್ಶ್ವವಾಯು ಬಡಿದು ಆ ಗಂಟಲು ನಿಂತುಹೋಯಿತು. ಕೈಕಾಲು ನಿಧಾನಕ್ಕೆ ಸರಿಯಾದವು, ಮಾತು ಬರಲಿಲ್ಲ.

ಮದುವೆಯಾದಂದಿನಿಂದ ನಮ್ಮದೊಂದು ಕ್ರಮ. ಸಂಜೆ ಲೈಟು ಹಾಕಿದ ಮೇಲೆ ಬೈಬಲ್ ತೆರೆದು ಒಂದು ಕೀರ್ತನೆ ಓದುವುದು. ಒಂದು ವಚನ ನಾನು, ಮುಂದಿನದು ಅವರು. ಹೆಚ್ಚಾಗಿ ಬೆಟ್ಟಗಳ ಕಡೆಗೆ ಕಣ್ಣೆತ್ತುವ ಕೀರ್ತನೆಯೇ. ಸಹಾಯ ಎಲ್ಲಿಂದ ಎಂದು ಕೇಳುವ ಮೊದಲ ವಚನ ನನ್ನದು, ಯೆಹೋವನಿಂದ ಎಂದು ಉತ್ತರ ಹೇಳುವ ಎರಡನೆಯದು ಅವರದು.

ಆಸ್ಪತ್ರೆಯಿಂದ ಬಂದ ಮೇಲೆ ಪ್ರಶ್ನೆಯೂ ನಾನೇ, ಉತ್ತರವೂ ನಾನೇ. ನಿಜ ಹೇಳುತ್ತೇನೆ, ಉತ್ತರ ಓದುವಾಗ ನನಗೆ ಸಿಟ್ಟು ಬರುತ್ತಿತ್ತು. ಎಲ್ಲಿ ಉಂಟು ಸಹಾಯ ಎಂದು ದೇವರ ಹತ್ತಿರ ಮನಸ್ಸಿನಲ್ಲೇ ಜಗಳ ಆಡುತ್ತಾ, ಬೇಗ ಬೇಗ ಓದಿ ಮುಗಿಸಿ ಅಡುಗೆಮನೆಗೆ ಹೋಗುತ್ತಿದ್ದೆ.

ಒಂದು ಸಂಜೆ ನಾನು ಎರಡನೆಯ ವಚನಕ್ಕೆ ಬಾಯಿ ತೆರೆದಾಗ ಅವರು ಪುಟದ ಮೇಲೆ ಅಂಗೈ ಇಟ್ಟುಬಿಟ್ಟರು. ತುಟಿ ಅಲುಗಿತು, ಸ್ವರ ಹೊರಡಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ನನಗೆ ನಾಚಿಕೆಯಾಯಿತು. ಕಂಡಕ್ಟರ್ ಇರುವಾಗ ಟಿಕೆಟ್ ಹರಿಯಲು ನಾನು ಯಾರು? ಇಷ್ಟು ದಿನ ಅವರ ಪಾಲನ್ನು ಕಿತ್ತುಕೊಂಡು ಓದುತ್ತಿದ್ದೆ.

ಮರುದಿನದಿಂದ ನನ್ನ ವಚನ ಓದಿ ಸುಮ್ಮನೆ ಕೂರತೊಡಗಿದೆ. ಪುತ್ತೂರಿನಲ್ಲಿ ಮಾತಿನ ಅಭ್ಯಾಸ ಮಾಡಿಸುವ ಡಾಕ್ಟರಮ್ಮನಿಗೆ ಹೇಳಿದಾಗ, ಬಾಯಿಪಾಠ ಇದ್ದದ್ದು ಕೆಲವರಿಗೆ ಮೊದಲು ಬರುತ್ತದೆ, ಅವಸರ ಮಾಡಬೇಡಿ ಎಂದರು. ಅವಸರ ಮಾಡದಿರುವುದು ನನಗೆ ಗೊತ್ತಿಲ್ಲದ ವಿದ್ಯೆ. ಕೆಲವು ದಿನ ಕುಕ್ಕರ್ ಮೂರು ಸಲ ಕೂಗುವಷ್ಟು ಹೊತ್ತು ಕಾದೆ. ಅಷ್ಟು ವರ್ಷ ಉತ್ತರ ಕೈಯಲ್ಲೇ ಇದೆ ಎಂಬಂತೆ ಓದಿದ್ದೆ, ಈಗ ಆ ಪ್ರಶ್ನೆಯನ್ನು ನಿಜವಾಗಿ ಕೇಳುತ್ತಿದ್ದೆ. ಜಗಳ ಹಾಗೆಯೇ ಇತ್ತು, ಅವರಿಗೆ ಮಾತೇ ಬಾರದಿದ್ದರೆ ಎಂಬ ಭಯ ಮಾತ್ರ ಕಡಿಮೆಯಾಗಿತ್ತು. ದೇವರೂ ಪಕ್ಕದಲ್ಲಿ ಕುಳಿತು ನಮ್ಮ ಜೊತೆ ಕಾಯುತ್ತಿದ್ದಾನೆ ಅನ್ನಿಸುತ್ತಿತ್ತು.

ಎರಡು ತಿಂಗಳಾಗಿರಬೇಕು. ಒಂದು ಶನಿವಾರ ಸಂಜೆ ಓದಿದೆ, ಕಾದೆ. ಕೊನೆಗೆ, "ಇವತ್ತಿಗೆ ಸಾಕಾ ಮಾರಾಯ್ರೆ? ಸಾರಿಗೆ ಒಗ್ಗರಣೆ ಹಾಕ್ಲಿಕ್ಕುಂಟು," ಎಂದೆ.

"ಯೆಹೋವನಿಂದ," ಎಂದರು.

ಒಡೆದ, ಸಣ್ಣ ಸ್ವರ. ಪಕ್ಕದ ಕೋಣೆಗೂ ಕೇಳುವಂತಿರಲಿಲ್ಲ. ದೇವರೇ ನಿನಗೆ ಸ್ತೋತ್ರ ಎಂದು ನನ್ನ ಮನಸ್ಸು ಕೂಗಿತು. ಮೂರನೆಯ ವಚನ ನನ್ನದು, ಅಕ್ಷರ ಕಾಣದಷ್ಟು ಕಣ್ಣು ತುಂಬಿತ್ತು. ಈಗ ಕಾಯುವ ಸರದಿ ಅವರದಾಯಿತು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಬಸ್ಸಿನ ತಗಡಿಗೆ ತಟ್ಟುವ ಹಾಗೆ ಮೇಜಿಗೆ ಎರಡು ಸಲ ತಟ್ಟಿದರು.

"ರೈಟ್," ಎಂದರು.

ನಾನು ಮೂರನೆಯದನ್ನು ಓದಿದೆ.